50 ಎಂಬಿ ಅಂದರೆ 50 ಎಂಬಿ: ವಿಡಿಯೊ ಫೈಲನ್ನು ಬೇಕಾದ ಸೈಜಿಗೆ ತರುವುದು ಹೇಗೆ

ಕೊಡವರ ಕಕ್ಕಡ ತಿಂಗಳ ಮಳೆ. ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಅವತ್ತು ಬೆಳಿಗ್ಗೆಯಿಂದ ಎರಡು ಸಲ ಕರೆಂಟು ಹೋಗಿ ಬಂದಿತ್ತು. ಅಣ್ಣನ ಮಗಳು ಮತ್ತು ಅವಳ ಗೆಳತಿಯರು ಉಮ್ಮತ್ತಾಟ್ (ಕೊಡವ ಹೆಣ್ಣುಮಕ್ಕಳ ಕುಣಿತ) ಆಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ನಾಲ್ಕು ನಿಮಿಷದ ವಿಡಿಯೊ. ಒಂದು ಆನ್‌ಲೈನ್ ಸ್ಪರ್ಧೆಗೆ ರಾತ್ರಿ ಹನ್ನೆರಡರೊಳಗೆ ಕಳಿಸಬೇಕು. ಫೈಲ್ 50 ಎಂಬಿ ಮೀರಬಾರದು.

ಅದೇನು ಮಹಾ ಅಂದುಕೊಂಡೆ. ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶಕ್ಕೆ ಹಾಕಿದೆ, ಕ್ವಾಲಿಟಿ 22ರಲ್ಲೇ ಇತ್ತು, ಸ್ಟಾರ್ಟ್ ಒತ್ತಿದೆ. 126 ಎಂಬಿ ಬಂತು. 26 ಮಾಡಿದೆ, 79. 30 ಮಾಡಿದೆ, 49.8. ಚಿತ್ರ ಕಲೆಸಿದ ಹಾಗೆ ಕಾಣುತ್ತಿತ್ತು, ಆದರೂ ಸೈಜ್ ಸರಿಹೋಯಿತಲ್ಲ ಎಂದು ಅಪ್‌ಲೋಡ್ ಒತ್ತಿದರೆ ‘ಫೈಲ್ ದೊಡ್ಡದಾಗಿದೆ’ ಎಂದು ವಾಪಸ್ ಬಂತು.

“ಚಿಕ್ಕಪ್ಪ, 49.8 ಅಂತ ತೋರಿಸ್ತಿದೆಯಲ್ಲ, ಮತ್ಯಾಕೆ ಬೇಡ ಅಂತಿದೆ?”

ಆ ಪ್ರಶ್ನೆಗೆ ಉತ್ತರ ಇದೆ, ಮುಂದೆ ಹೇಳುತ್ತೇನೆ. ನಾನು ಮಾಡಿದ ದೊಡ್ಡ ತಪ್ಪು ಬೇರೆಯೇ. ಕ್ವಾಲಿಟಿ ನಂಬರನ್ನು ಹಿಂದೆ ಮುಂದೆ ತಳ್ಳುತ್ತಾ ಸೈಜ್ ಹುಡುಕುತ್ತಿದ್ದೆ. ಸೈಜನ್ನು ಹುಡುಕಬೇಕಾಗಿಲ್ಲ, ಲೆಕ್ಕ ಹಾಕಿದರೆ ಸಿಗುತ್ತದೆ.

ಇರುವುದು ಒಂದೇ ಲೆಕ್ಕ

ವಿಡಿಯೊ ಫೈಲಿನ ಸೈಜ್ ಎಂದರೆ ಬಿಟ್‌ರೇಟ್ ಗುಣಿಸು ಸಮಯ. ಸೆಕೆಂಡಿಗೆ ಎಷ್ಟು ಬಿಟ್ ಖರ್ಚಾಗುತ್ತದೆ, ಎಷ್ಟು ಸೆಕೆಂಡು ಓಡುತ್ತದೆ, ಅಷ್ಟೇ. 1080ಪಿ ಎಂದ ಮಾತ್ರಕ್ಕೆ ಫೈಲ್ ದೊಡ್ಡದಾಗುವುದಿಲ್ಲ, 480ಪಿ ಎಂದ ಮಾತ್ರಕ್ಕೆ ಸಣ್ಣದಾಗುವುದೂ ಇಲ್ಲ. ಬಿಟ್‌ರೇಟ್ ಒಂದೇ ಆಗಿದ್ದರೆ ಎರಡರ ಸೈಜೂ ಒಂದೇ. ಇದನ್ನು ಒಪ್ಪಿಕೊಳ್ಳಲು ನನಗೇ ಸ್ವಲ್ಪ ಕಾಲ ಬೇಕಾಯಿತು.

ಒಂದು ಬೈಟಿಗೆ 8 ಬಿಟ್. ಸೈಜ್ ಹೇಳುವುದು ಬೈಟಿನಲ್ಲಿ, ಬಿಟ್‌ರೇಟ್ ಹೇಳುವುದು ಬಿಟ್‌ನಲ್ಲಿ. ಸೆಕೆಂಡಿಗೆ ಸಾವಿರ ಬಿಟ್ ಎಂದರೆ ಒಂದು ಕೆಬಿಪಿಎಸ್. ಹಾಗಾಗಿ ಸೂತ್ರ ಹೀಗಾಗುತ್ತದೆ:

ಒಟ್ಟು ಬಿಟ್‌ರೇಟ್ (ಕೆಬಿಪಿಎಸ್) = ಎಂಬಿ × 8000 ÷ ಸೆಕೆಂಡು

ನಮ್ಮ ಉಮ್ಮತ್ತಾಟಿಗೆ 50 × 8000 = 4,00,000. ನಾಲ್ಕು ನಿಮಿಷಕ್ಕೆ 240 ಸೆಕೆಂಡು. ಭಾಗಿಸಿದರೆ 1666 ಕೆಬಿಪಿಎಸ್. ಇದರಲ್ಲಿ ಆಡಿಯೊದ ಪಾಲನ್ನು ಮೊದಲು ಎತ್ತಿಡಬೇಕು. 128 ಕಳೆದರೆ 1538 ಉಳಿಯಿತು. ವಿಡಿಯೊ, ಆಡಿಯೊ ಎರಡನ್ನೂ ತುಂಬಿಡುವ ಎಂಪಿ4 ಡಬ್ಬಕ್ಕೂ ತನ್ನದೇ ಒಂದಿಷ್ಟು ತೂಕ ಇರುತ್ತದೆ. ಜೊತೆಗೆ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಒಂಚೂರು ಆಚೀಚೆ ಆಗಬಹುದು. ಅದಕ್ಕೆಲ್ಲ ಎರಡು ಪರ್ಸೆಂಟ್ ಬಿಟ್ಟು ವಿಡಿಯೊಗೆ 1500 ಎಂದು ಇಟ್ಟುಕೊಂಡೆ.

ಆಡಿಯೊದಲ್ಲಿ ಉಳಿಸೋಣ, 64 ಸಾಕು ಎಂದು ಕೆಲವರು ಹೇಳುತ್ತಾರೆ. ಬರೀ ಭಾಷಣವಾದರೆ ಸರಿ. ಉಮ್ಮತ್ತಾಟಿನಲ್ಲಿ ಹೆಣ್ಣುಮಕ್ಕಳ ಕೈಯಲ್ಲಿ ಹಿತ್ತಾಳೆಯ ತಾಳ ಇರುತ್ತದೆ. ತಾಳದ ಸದ್ದು ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಕೆಡುವ ಸದ್ದು. ‘ಝಣ್’ ಅನ್ನಬೇಕಾದದ್ದು ನೀರಿನೊಳಗಿಂದ ಕೇಳಿದ ಹಾಗೆ ‘ಷ್ಷ್’ ಅನ್ನುತ್ತದೆ. ಹೀಗೆ ಉಳಿಸಿದ್ದು ನಾಲ್ಕು ನಿಮಿಷಕ್ಕೆ ಎರಡು ಎಂಬಿಯೂ ಇಲ್ಲ. ಸಂಗೀತ ಇದ್ದರೆ 128ಕ್ಕಿಂತ ಕೆಳಗೆ ಇಳಿಯಬೇಡಿ.

ಎಂಬಿಯಲ್ಲಿ ಎರಡು ಜಾತಿ

ಈಗ ಅಣ್ಣನ ಮಗಳ ಪ್ರಶ್ನೆಗೆ ಬರೋಣ. ವಿಂಡೋಸ್ ‘ಎಂಬಿ’ ಎಂದು ತೋರಿಸುವುದು 10,48,576 ಬೈಟುಗಳ ಲೆಕ್ಕದಲ್ಲಿ. 1024ನ್ನು 1024ರಿಂದ ಗುಣಿಸಿದರೆ ಬರುವ ಸಂಖ್ಯೆ. ಬೇರೆ ಕಡೆ ಎಂಬಿ ಎಂದರೆ ಸರಿಯಾಗಿ ಹತ್ತು ಲಕ್ಷ ಬೈಟ್. ನನ್ನ 49.8 ಎಂಬಿ ಫೈಲನ್ನು ಬೈಟಿನಲ್ಲಿ ಎಣಿಸಿದರೆ 5 ಕೋಟಿ 22 ಲಕ್ಷದಷ್ಟಿತ್ತು. ಆ ಕಡೆಯವರ ಲೆಕ್ಕದಲ್ಲಿ ಅದು 52 ಎಂಬಿ ದಾಟಿದ ಫೈಲ್.

ಡಿವಿಡಿ ಕಾಲದಲ್ಲೂ ಇದೇ ಕಥೆ ಇತ್ತು. ಡಬ್ಬದ ಮೇಲೆ 4.7 ಜಿಬಿ ಎಂದಿರುತ್ತಿತ್ತು, ಕಂಪ್ಯೂಟರಿಗೆ ಹಾಕಿದರೆ 4.38 ತೋರಿಸುತ್ತಿತ್ತು. ಅಂಗಡಿಯವರು ಮೋಸ ಮಾಡಿದರು ಎಂದು ಬೈದವರು ಬಹಳ ಜನ.

ಉಪಾಯ ಸುಲಭ. ಯಾವಾಗಲೂ ಹತ್ತು ಲಕ್ಷದ ಎಂಬಿಯಲ್ಲೇ ಲೆಕ್ಕ ಹಾಕಿ. ಮೇಲಿನ ಸೂತ್ರ ಇರುವುದೂ ಅದರಲ್ಲೇ. ಆಗ ಎದುರಿನವರು ಯಾವ ಲೆಕ್ಕ ಹಿಡಿದರೂ ನಿಮ್ಮ ಫೈಲ್ ಒಳಗೇ ಇರುತ್ತದೆ. ಫೈಲ್ ತಯಾರಾದ ಮೇಲೆ ಪ್ರಾಪರ್ಟೀಸ್ ತೆರೆದು, ಕಂಸದೊಳಗಿರುವ ಬೈಟ್ ಸಂಖ್ಯೆಯನ್ನೇ ನೋಡಿ.

ಇಮೇಲಿಗೆ ಇನ್ನೂ ಒಂದು ತೊಡಕಿದೆ. ಜಿಮೇಲ್ ಮಿತಿ 25 ಎಂಬಿ. ಆದರೆ ಅಟ್ಯಾಚ್ ಮಾಡಿದ ಫೈಲ್ ಮೇಲ್ ಒಳಗೆ ಅಕ್ಷರಗಳಾಗಿ ಬದಲಾಗುವಾಗ ಸುಮಾರು ಮೂರನೇ ಒಂದು ಪಾಲು ಉಬ್ಬುತ್ತದೆ. 18 ಎಂಬಿಗೆ ಲೆಕ್ಕ ಹಾಕಿದರೆ ನಿಶ್ಚಿಂತೆ.

ಬಿಟ್‌ರೇಟ್ ಆದಮೇಲೆ ರೆಸಲ್ಯೂಷನ್

1500 ಕೆಬಿಪಿಎಸ್ ಇದೆ ಎಂದಾಯಿತು. ಈಗ ಅದಕ್ಕೆ ಹೊಂದುವ ಚಿತ್ರದ ಅಳತೆ ಆರಿಸಬೇಕು. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. 1080ಪಿ ಬೇಕೇ ಬೇಕು ಎಂದು ಹಟ ಹಿಡಿದು ಆಮೇಲೆ ಬಿಟ್ ಸಾಲದೆ ಚಿತ್ರವೆಲ್ಲ ಚೌಕ ಚೌಕವಾಗುತ್ತದೆ. ಒಂದು ಲೋಟ ಹಾಲಿಗೆ ಒಂದು ಕೊಡ ನೀರು ಬೆರೆಸಿದ ಹಾಗೆ.

ಅಂದಾಜಿಗೆ ನಾನು ಬಳಸುವ ಕೈಲೆಕ್ಕ ಇದು. ಬಿಟ್‌ರೇಟನ್ನು (ಕೆಬಿಪಿಎಸ್ ಅಲ್ಲ, ಪೂರ್ತಿ ಬಿಟ್‌ಗಳಲ್ಲಿ) ಅಗಲ × ಎತ್ತರ × ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದರಿಂದ ಭಾಗಿಸಿ. ಒಂದು ಪಿಕ್ಸೆಲಿಗೆ ಎಷ್ಟು ಬಿಟ್ ಸಿಗುತ್ತದೆ ಎಂದು ಗೊತ್ತಾಗುತ್ತದೆ. ಎಚ್.264 ಎಂಬ ಕುಗ್ಗಿಸುವ ವಿಧಾನದಲ್ಲಿ 0.1 ಬಂದರೆ ಧಾರಾಳ. 0.05ರ ಮೇಲಿದ್ದರೆ ನಡೆಯುತ್ತದೆ. 0.03ರ ಹತ್ತಿರ ಬಂದರೆ ರೆಸಲ್ಯೂಷನ್ ಇಳಿಸುವುದೇ ವಾಸಿ.

ನಮ್ಮ ವಿಡಿಯೊ 30 ಫ್ರೇಮಿನದ್ದು. 1920 × 1080ಕ್ಕೆ ಲೆಕ್ಕ ಮಾಡಿದರೆ 0.024. ಆಗದ ಮಾತು. 1280 × 720ಕ್ಕೆ 0.054. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತೆಗೆದಿದ್ದರು, ಹಿಂದೆ ಐನ್‌ಮನೆಯ (ಕುಟುಂಬದ ಹಿರಿಯರ ಮನೆ) ಗೋಡೆ, ಅಲುಗುವುದು ಹುಡುಗಿಯರು ಮಾತ್ರ. ಹಾಗಾಗಿ 720ಪಿ ಸಾಕಾಯಿತು. ಕೈಯಲ್ಲಿ ಹಿಡಿದು ಸುತ್ತ ಓಡಾಡುತ್ತಾ ತೆಗೆದಿದ್ದರೆ 480ಪಿಗೆ ಇಳಿಯುತ್ತಿದ್ದೆ. ಆಗ 0.12 ಸಿಗುತ್ತದೆ.

ಹಾಕಿ ಮ್ಯಾಚಿನ ವಿಷಯ ಬೇರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಮ್ಯಾಚುಗಳನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಅಲ್ಲಿ ಚೆಂಡು ಕಾಣಬೇಕು. 50 ಫ್ರೇಮಿನಲ್ಲಿ ತೆಗೆದಿದ್ದರೆ ಫ್ರೇಮ್ ಕಡಿಮೆ ಮಾಡಬೇಡಿ, ರೆಸಲ್ಯೂಷನ್ ಇಳಿಸಿ. 720ಪಿಯಲ್ಲಿ 50 ಫ್ರೇಮಿದ್ದರೆ ಆಟ ಆಟದಂತೆ ಕಾಣುತ್ತದೆ. 1080ಪಿಯಲ್ಲಿ 25 ಆದರೆ ಹುಲ್ಲು ಚೆನ್ನಾಗಿ ಕಾಣುತ್ತದೆ, ಚೆಂಡು ಗೀಟಾಗಿ ಹೋಗುತ್ತದೆ.

ಹ್ಯಾಂಡ್‌ಬ್ರೇಕಿನಲ್ಲಿ ಮಾಡುವ ಕ್ರಮ

ಹ್ಯಾಂಡ್‌ಬ್ರೇಕ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಳೆಯ ಆವೃತ್ತಿಗಳಲ್ಲಿ ಬೇಕಾದ ಸೈಜನ್ನು ನೇರವಾಗಿ ಬರೆಯುವ ಜಾಗವೇ ಇತ್ತು. ಆಮೇಲೆ ತೆಗೆದುಬಿಟ್ಟರು. ಹಾಗಾಗಿ ಮೇಲಿನ ಲೆಕ್ಕ ನಾವೇ ಮಾಡಿಕೊಳ್ಳಬೇಕು.

ಫೈಲನ್ನು ತೆರೆದು ಪ್ರೀಸೆಟ್‌ನಲ್ಲಿ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಪಟ್ಟಿ) ‘ಫಾಸ್ಟ್ 720ಪಿ30’ ಆರಿಸಿ. ಸಮರಿ ಟ್ಯಾಬಿನಲ್ಲಿ ಫಾರ್ಮ್ಯಾಟ್ ಎಂಪಿ4 ಇರಲಿ. ಡೈಮೆನ್ಷನ್ಸ್ ಟ್ಯಾಬಿಗೆ ಹೋಗಿ ಅಳತೆ ನಿಮಗೆ ಬೇಕಾದ್ದೇ ಇದೆಯೇ ನೋಡಿಕೊಳ್ಳಿ. ಸುತ್ತ ಕಪ್ಪು ಪಟ್ಟಿ ಇದ್ದರೆ ಕತ್ತರಿಸಿ.

ನಿಜವಾದ ಕೆಲಸ ಇರುವುದು ವಿಡಿಯೊ ಟ್ಯಾಬಿನಲ್ಲಿ. ಎನ್‌ಕೋಡರ್ ‘ಎಚ್.264 (ಎಕ್ಸ್264)’ ಎಂದಿರಬೇಕು. ಪಟ್ಟಿಯಲ್ಲಿ ಎನ್‌ವಿಡಿಯಾ, ಇಂಟೆಲ್ ಹೆಸರಿನವೂ ಇರಬಹುದು. ಅವು ಗ್ರಾಫಿಕ್ಸ್ ಚಿಪ್ ಬಳಸಿ ಬೇಗ ಮುಗಿಸುತ್ತವೆ, ಆದರೆ ಬಿಟ್ ಕಡಿಮೆ ಇದ್ದಾಗ ಎಕ್ಸ್264ರಷ್ಟು ಚೆನ್ನಾಗಿ ಬರುವುದಿಲ್ಲ. ಸೈಜಿಗೆ ಕಟ್ಟುಬಿದ್ದ ಕೆಲಸಕ್ಕೆ ಅವು ಬೇಡ.

ಫ್ರೇಮ್‌ರೇಟ್‌ನಲ್ಲಿ ‘ಸೇಮ್ ಆಸ್ ಸೋರ್ಸ್’ ಆರಿಸಿ. ಇದನ್ನು ಮರೆತರೆ 30ರ ಪ್ರೀಸೆಟ್ ನಿಮ್ಮ 50 ಫ್ರೇಮಿನ ವಿಡಿಯೊವನ್ನು 30ಕ್ಕೆ ಇಳಿಸುತ್ತದೆ. 50ರಿಂದ 30ಕ್ಕೆ ಸಮನಾಗಿ ಇಳಿಯಲು ಆಗುವುದಿಲ್ಲವಲ್ಲ, ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರ ಎಳೆದೆಳೆದು ಹೋಗುತ್ತದೆ.

ಈಗ ‘ಕಾನ್‌ಸ್ಟಂಟ್ ಕ್ವಾಲಿಟಿ’ ಬಿಟ್ಟು ‘ಆವರೇಜ್ ಬಿಟ್‌ರೇಟ್’ ಒತ್ತಿ 1500 ಎಂದು ಬರೆಯಿರಿ. ಕೆಳಗಿರುವ ‘ಟೂ-ಪಾಸ್’ಗೆ ಟಿಕ್ ಹಾಕಿ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ‘ಮಲ್ಟಿ-ಪಾಸ್’. ಜೊತೆಯಲ್ಲಿ ಬರುವ ಟರ್ಬೊಗೂ ಟಿಕ್ ಇರಲಿ, ಮೊದಲ ಸುತ್ತು ಬೇಗ ಮುಗಿಯುತ್ತದೆ.

ಎರಡು ಸುತ್ತು ಯಾಕೆ? ದೊಡ್ಡ ಊಟದಲ್ಲಿ ಪಂದಿಕರಿ ಬಡಿಸುವವರನ್ನು ನೋಡಿ. ಹೊಸಬನಾದರೆ ಮೊದಲ ಸಾಲಿಗೇ ಕೈತುಂಬ ಬಡಿಸುತ್ತಾನೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಾತ್ರೆಯಲ್ಲಿ ರಸ ಮಾತ್ರ. ಅನುಭವಸ್ಥ ಮೊದಲು ಸುಮ್ನೆ ಒಂದು ಸುತ್ತು ಹೋಗಿ ಬರುತ್ತಾನೆ. ಎಷ್ಟು ಜನ, ಯಾರು ಜಾಸ್ತಿ ತಿನ್ನುವವರು, ಯಾರು ಮುಟ್ಟುವುದೇ ಇಲ್ಲ ಎಂದು ನೋಡಿಕೊಂಡು ಆಮೇಲೆ ಸೌಟು ಹಿಡಿಯುತ್ತಾನೆ. ಟೂ-ಪಾಸ್ ಎಂದರೆ ಇದೇ. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ವಿಡಿಯೊ ಪೂರ್ತಿ ನೋಡಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಬರೆದಿಟ್ಟುಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಹಂಚುತ್ತದೆ. ಪಾತ್ರೆಯಲ್ಲಿರುವುದು ಅಷ್ಟೇ, ಆದರೆ ಯಾರೂ ಹಸಿದು ಏಳುವುದಿಲ್ಲ.

‘ಎನ್‌ಕೋಡರ್ ಪ್ರೀಸೆಟ್’ ಎಂಬ ಜಾರುಗುಂಡಿಯನ್ನು ‘ಸ್ಲೋ’ ಕಡೆಗೆ ತಳ್ಳಿ. ಬಿಟ್‌ರೇಟ್ ನೀವೇ ಗೊತ್ತುಮಾಡಿರುವುದರಿಂದ ಸೈಜ್ ಬದಲಾಗುವುದಿಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ, ಅದೇ ಸೈಜಿನಲ್ಲಿ ಚಿತ್ರ ಇನ್ನಷ್ಟು ಚೆನ್ನಾಗಿ ಬರುತ್ತದೆ. ಆಡಿಯೊ ಟ್ಯಾಬಿನಲ್ಲಿ ಎಎಸಿ, ಸ್ಟೀರಿಯೊ, 128. ಟ್ರ್ಯಾಕ್ ಒಂದೇ ಇರಲಿ. ಹ್ಯಾಂಡಿಕ್ಯಾಮ್ ಫೈಲುಗಳಲ್ಲಿ ಅಲ್ಲಿ ‘ಪಾಸ್‌ಥ್ರೂ’ ಎಂದಿದ್ದರೆ ಬದಲಾಯಿಸಿ. ಇಲ್ಲದಿದ್ದರೆ ಮೂಲದ ಆಡಿಯೊ ಹಾಗೇ ಬಂದು ಕೂತು ನಿಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ನಮ್ಮ ಊರಿನ ಒಂದು ಎಚ್ಚರಿಕೆ: ಎನ್‌ಕೋಡ್ ಮಧ್ಯೆ ಕರೆಂಟು ಹೋದರೆ ಬಿಟ್ಟಲ್ಲಿಂದ ಮುಂದುವರಿಸಲು ಆಗುವುದಿಲ್ಲ, ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ರಾತ್ರಿಯಿಡೀ ಓಡುವ ಕೆಲಸ ಹಚ್ಚಿ ಮಲಗಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ.

ಬಿಟ್ ತಿನ್ನುವ ವಸ್ತುಗಳು

ಎನ್‌ಕೋಡರ್ ಸೈಜ್ ಉಳಿಸುವುದು ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಮುಂದಿನ ಫ್ರೇಮಿನಲ್ಲೂ ಇದೆಯಲ್ಲ ಎಂಬ ಧೈರ್ಯದ ಮೇಲೆ. ನಮ್ಮ ಕೊಡಗು ಆ ಧೈರ್ಯವನ್ನೇ ಮುರಿಯುವ ಊರು. ಮಳೆಹನಿ ಒಂದೊಂದು ಫ್ರೇಮಿನಲ್ಲೂ ಬೇರೆ ಜಾಗದಲ್ಲಿ. ಗಾಳಿಗೆ ಕಾಫಿ ಗಿಡದ ಎಲೆ ಒಂದೊಂದೂ ಬೇರೆ ಕಡೆ ತಿರುಗುತ್ತದೆ, ಮೇಲೆ ಸಿಲ್ವರ್ ಓಕ್ ಸಣ್ಣಸಣ್ಣ ಎಲೆ ಬೇರೆ. ಇರ್ಪು ಜಲಪಾತವನ್ನು ಅರ್ಧ ನಿಮಿಷ ತೆಗೆದರೆ, ಮನೆಯೊಳಗೆ ಕೂತು ಮಾತಾಡಿದ ಕೆಲವು ನಿಮಿಷದ ಬಿಟ್ಟನ್ನು ಅದೊಂದೇ ನುಂಗುತ್ತದೆ. ಮಂಜು ಮಾತ್ರ ಸಾಧು. ಬಿಟ್ ಕೇಳುವುದಿಲ್ಲ. ಆದರೆ ತೀರಾ ಕಡಿಮೆ ಮಾಡಿದರೆ ಬಿಳಿಯ ಮಂಜು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ದಸರಾ ರಾತ್ರಿ. ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳನ್ನು ನೋಡಿದವರಿಗೆ ಗೊತ್ತು. ಕತ್ತಲು, ಹೊಗೆ, ಕಣ್ಣು ಕೋರೈಸುವ ಬಣ್ಣದ ಲೈಟು, ನಡುವೆ ತಿರುಗುವ ದೊಡ್ಡ ಮೂರ್ತಿಗಳು, ಸುತ್ತ ಕುಣಿಯುವ ಸಾವಿರ ತಲೆ. ಕತ್ತಲಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸುವುದರಿಂದ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ ಬೀಳುತ್ತದೆ. ಎನ್‌ಕೋಡರಿಗೆ ಆ ಚುಕ್ಕಿಯೂ ವಿಷಯವೇ. ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಬರೆಯುತ್ತದೆ. ನೀವು ಲೆಕ್ಕ ಹಾಕಿ ಕೊಟ್ಟ ಬಿಟ್‌ನಲ್ಲಿ ಅರ್ಧ ಈ ರವೆಗೇ ಹೋದರೆ ಮಂಟಪಕ್ಕೆ ಏನು ಉಳಿಯಿತು?

ಅದಕ್ಕೆ ಫಿಲ್ಟರ್ಸ್ ಟ್ಯಾಬಿನಲ್ಲಿ ಚುಕ್ಕಿ ತೆಗೆಯುವ ಡೀನಾಯ್ಸ್ ಇದೆ. ‘ಎನ್‌ಎಲ್‌ಮೀನ್ಸ್’ ಆರಿಸಿ ‘ಲೈಟ್’ನಲ್ಲಿ ಇಡಿ. ಆಮೆ ನಡಿಗೆ, ಆದರೆ ರಾತ್ರಿಯ ವಿಡಿಯೊಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ‘ಸ್ಟ್ರಾಂಗ್’ ಹಾಕಿದರೆ ಜನರ ಮುಖ ಮೇಣದ ಗೊಂಬೆಯಾಗುತ್ತದೆ. ಹಗಲಿನ ವಿಡಿಯೊಗೆ ಇದನ್ನು ಮುಟ್ಟಲೇ ಬೇಡಿ.

ಇಡೀ ವಿಡಿಯೊ ಓಡಿಸುವ ಮೊದಲು ಅತಿ ಕಷ್ಟದ ಅರ್ಧ ನಿಮಿಷವನ್ನು ರೇಂಜ್‌ನಲ್ಲಿ ಸೆಕೆಂಡು ಕೊಟ್ಟು ಆರಿಸಿ, ಅದೇ ಬಿಟ್‌ರೇಟಿನಲ್ಲಿ ಎನ್‌ಕೋಡ್ ಮಾಡಿ ನೋಡಿ. ಅದು ಸಹಿಸುವಂತಿದ್ದರೆ ಪೂರ್ತಿ ವಿಡಿಯೊ ಅದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಯಾಕೆಂದರೆ ಸುಲಭದ ಭಾಗಗಳಲ್ಲಿ ಉಳಿದ ಬಿಟ್ ಈ ಕಡೆಗೆ ಹರಿಯುತ್ತದೆ.

ಮದುವೆ ವಿಡಿಯೊ ಮತ್ತು 32 ಜಿಬಿ ಪೆನ್‌ಡ್ರೈವ್

ನಾಪೋಕ್ಲಿನಲ್ಲಿರುವ ದೊಡ್ಡಮ್ಮನ ಮನೆ ಟಿವಿ ಹಳೆಯದು. ಮಗನ ಮದುವೆಯ ವಿಡಿಯೊ ನೋಡಬೇಕೆಂದು 32 ಜಿಬಿ ಪೆನ್‌ಡ್ರೈವ್ ಕೊಟ್ಟಿದ್ದರು. ವಿಡಿಯೊ 9 ಜಿಬಿ. ಕಾಪಿ ಮಾಡಿದರೆ ಫೈಲ್ ತುಂಬಾ ದೊಡ್ಡದು ಎಂದು ವಿಂಡೋಸ್ ನಿರಾಕರಿಸಿತು. ಜಾಗ 29 ಜಿಬಿ ಖಾಲಿ ಇತ್ತು!

ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫೈಲ್ ಜೋಡಣೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಹೀಗಾಗುತ್ತದೆ. ಅದರಲ್ಲಿ ಒಂದು ಫೈಲ್ 4,29,49,67,295 ಬೈಟ್ ಮೀರುವಂತಿಲ್ಲ. ವಿಂಡೋಸ್ ಲೆಕ್ಕದ 4 ಜಿಬಿಗೆ ಒಂದೇ ಬೈಟ್ ಕಡಿಮೆ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಈ ಮಿತಿ ಇಲ್ಲ. ಟಿವಿ ಅದನ್ನು ಓದುತ್ತದಾ ಎಂದು ಮೊದಲು ನೋಡಿ. ಓದಿದರೆ ಎನ್‌ಕೋಡ್ ಮಾಡುವ ಕೆಲಸವೇ ಇಲ್ಲ. ದೊಡ್ಡಮ್ಮನ ಟಿವಿ ಓದಲಿಲ್ಲ.

ಹಾಗಾಗಿ 4000 ಎಂಬಿಗೆ ಲೆಕ್ಕ. ವಿಡಿಯೊ 2 ಗಂಟೆ 20 ನಿಮಿಷ, ಅಂದರೆ 8400 ಸೆಕೆಂಡು. 4000 × 8000 ÷ 8400 = 3809. ವಾಲಗದ ಸದ್ದು ಚೆನ್ನಾಗಿರಲಿ ಎಂದು ಆಡಿಯೊಗೆ 160 ಕೊಟ್ಟೆ. ಉಳಿದ 3649ರಲ್ಲಿ ಒಂಚೂರು ಬಿಟ್ಟು 3600. ಬಂದ ಫೈಲು ವಿಂಡೋಸ್‌ನಲ್ಲಿ 3.7 ಜಿಬಿಯ ಆಸುಪಾಸು.

25 ಫ್ರೇಮಿನ 1080ಪಿಗೆ ಇದು ಪಿಕ್ಸೆಲಿಗೆ 0.07 ಬಿಟ್. ನಡೆಯುತ್ತದೆ. ಆದರೆ ಗಂಗಾಪೂಜೆಯ ಕುಣಿತ ಒಂದೇ 50 ನಿಮಿಷ ಇತ್ತು. ಮದುಮಗಳು ಬಿಂದಿಗೆ ಹೊತ್ತು ನಿಂತಿದ್ದಾಳೆ, ನೆಂಟರು ದಾರಿ ಬಿಡದೆ ಕುಣಿಯುತ್ತಿದ್ದಾರೆ. ಕುಣಿಯುವವರಿಗೆ ಖುಷಿ, ಎನ್‌ಕೋಡರಿಗೆ ಸಂಕಟ. ಅದರಲ್ಲಿ 20 ನಿಮಿಷ ಕತ್ತರಿಸಿದರೆ ಉಳಿದದ್ದಕ್ಕೆಲ್ಲ ಶೇಕಡಾ 17ರಷ್ಟು ಜಾಸ್ತಿ ಬಿಟ್‌ರೇಟ್ ಸಿಗುತ್ತದೆ. ಯಾರ ಕುಣಿತ ಕತ್ತರಿಸಿದೆ ಎಂದು ಆಮೇಲೆ ಉತ್ತರ ಕೊಡಬೇಕಾದವರು ನೀವು. ನಾನು ಕತ್ತರಿಸಲಿಲ್ಲ. ಮುಹೂರ್ತ ಒಂದು ಫೈಲ್, ಗಂಗಾಪೂಜೆ ಇನ್ನೊಂದು ಫೈಲ್ ಮಾಡಿದೆ. ಮಿತಿ ಇರುವುದು ಒಂದು ಫೈಲಿಗೆ, ಪೆನ್‌ಡ್ರೈವಿಗಲ್ಲವಲ್ಲ. ಒಂದೊಂದಕ್ಕೂ ಪೂರ್ತಿ 4000 ಎಂಬಿ ಸಿಕ್ಕಿತು.

ಎಚ್.264ರ ನಂತರ ಬಂದ ಎಚ್.265 ಹಾಕಿದ್ದರೆ ಕಡಿಮೆ ಬಿಟ್‌ನಲ್ಲೇ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲವೇ ಎಂದು ಕೇಳಬಹುದು. ಬರುತ್ತಿತ್ತು. ಆದರೆ ಹಳೆಯ ಟಿವಿಗಳು ಅದನ್ನು ಓಡಿಸುವುದಿಲ್ಲ, ಸದ್ದು ಬಂದು ಚಿತ್ರ ಬರುವುದಿಲ್ಲ. ಯಾರ ಮನೆಗೆ ಹೋಗುತ್ತದೋ ಗೊತ್ತಿಲ್ಲದ ಫೈಲಿಗೆ ಎಚ್.264, ಲೆವೆಲ್ (ಓಡಿಸುವ ಸಾಧನಕ್ಕೆ ಎಷ್ಟು ಶಕ್ತಿ ಬೇಕು ಎಂಬ ಮಟ್ಟ) 4.1.

ಲೆಕ್ಕ ತಪ್ಪಿ ಬಂದರೆ

ತೀರಾ ಚಿಕ್ಕ ವಿಡಿಯೊಗಳಲ್ಲಿ ಎನ್‌ಕೋಡರ್ ಸ್ವಲ್ಪ ಗುರಿ ತಪ್ಪಬಹುದು. ಜಾಸ್ತಿ ಬಂದರೆ ಕೊಟ್ಟ ಬಿಟ್‌ರೇಟನ್ನು ಬೇಕಾದ ಸೈಜಿನಿಂದ ಗುಣಿಸಿ, ಬಂದ ಸೈಜಿನಿಂದ ಭಾಗಿಸಿ, ಆ ಸಂಖ್ಯೆ ಹಾಕಿ ಇನ್ನೊಂದು ಸಲ ಓಡಿಸಿ. ಸೈಜ್ ತುಂಬಾ ಕಡಿಮೆ ಬಂದಿದ್ದರೆ ಗಾಬರಿ ಬೇಡ. ಅಲುಗದ ಫೋಟೊಗಳ ವಿಡಿಯೊಗೆ ಅಷ್ಟು ಬಿಟ್ ಖರ್ಚು ಮಾಡಲು ಎನ್‌ಕೋಡರಿಗೆ ಜಾಗವೇ ಸಿಕ್ಕಿರುವುದಿಲ್ಲ.

ಸೈಜಿನ ಮಿತಿಯೇ ಇಲ್ಲದ ಕೆಲಸಕ್ಕೆ ಇದೆಲ್ಲ ಮಾಡಲು ಹೋಗಬೇಡಿ. ಕಾನ್‌ಸ್ಟಂಟ್ ಕ್ವಾಲಿಟಿ 20ರಿಂದ 22ರ ನಡುವೆ ಇಟ್ಟು ಬಿಡಿ. ಮಿತಿ ಇದ್ದಾಗಲೂ ಮೊದಲು ಒಂದು ಸಲ 22ರಲ್ಲಿ ಹಾಕಿ ನೋಡುವುದು ಒಳ್ಳೆಯದು. ಸೈಜ್ ಒಳಗೇ ಬಂದರೆ ಅಲ್ಲಿಗೆ ಮುಗಿಯಿತು. ಆ ನಂಬರ್ 6 ಏರಿದರೆ ಸೈಜ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ ಎಂಬುದು ನೆನಪಿರಲಿ. ಅವತ್ತು ಇಷ್ಟು ಗೊತ್ತಿದ್ದರೆ 126 ನೋಡಿದ ಕೂಡಲೇ ನನಗೆ ಆ ದಾರಿ ಸಾಗುವುದಿಲ್ಲ ಎಂದು ತಿಳಿಯುತ್ತಿತ್ತು.

ಉಮ್ಮತ್ತಾಟಿನ ಫೈಲ್ 720ಪಿಯಲ್ಲಿ 1500ಕ್ಕೆ ಓಡಿಸಿದಾಗ 4 ಕೋಟಿ 91 ಲಕ್ಷ ಬೈಟ್ ಬಂತು. ಅಷ್ಟರಲ್ಲಿ ಟವರಿನ ಕರೆಂಟು ಹೋಗಿ ನೆಟ್ ಸತ್ತಿತ್ತು. ಕೊಡೆ ಹಿಡಿದು, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೀಪಿನಲ್ಲಿ ಗೋಣಿಕೊಪ್ಪಲು ಬಸ್ ನಿಲ್ದಾಣದ ಹತ್ತಿರ ಹೋಗಿ ನಿಂತೆವು. ಅಲ್ಲಿ ಸಿಗ್ನಲ್ ಇತ್ತು. ಹನ್ನೊಂದೂವರೆಗೆ ಫೈಲ್ ಹೋಯಿತು.